ಸರ್ಕಾರ ಬೇಡ ಅನ್ನುವ ಇರಾನಿಯರು ಬಾಂಬನ್ನೂ ಯಾಕೆ ಬೇಡ ಅಂತಾರೆ?

ಪ್ರಶ್ನೆ: ಮೇಡಂ, ನಾವು ಮೈಸೂರಿನವರು. ನಮ್ಮ ಮನೆಯ ಮಹಡಿ ಮೇಲೆ ಇರಾನಿನ ಹುಡುಗಿಯೊಬ್ಬಳು ಬಾಡಿಗೆಗೆ ಇದ್ದಾಳೆ, ಪಿಎಚ್.ಡಿ ಮಾಡುತ್ತಿದ್ದಾಳೆ. ತನ್ನ ದೇಶದ ಸರ್ಕಾರ ಅಂದರೆ ಅವಳಿಗೆ ಆಗಿಬರುವುದಿಲ್ಲ. 2022ರಲ್ಲಿ ಅಲ್ಲಿ ಹೆಣ್ಣುಮಕ್ಕಳು ಬೀದಿಗಿಳಿದಾಗ ಇಲ್ಲೇ ಕೂತು ತನ್ನ ಜಡೆ ಕತ್ತರಿಸಿಕೊಂಡಳು. ಆದರೆ 2025ರ ಜೂನ್‌ನಲ್ಲಿ ಇಸ್ರೇಲ್, ಅಮೆರಿಕ ಬಾಂಬ್ ಹಾಕಿದಾಗ ಊಟ ನಿದ್ದೆ ಬಿಟ್ಟು ಅತ್ತಳು. 'ನಿನಗೆ ಬೇಡದ ಸರ್ಕಾರ ತಾನೇ, ಹೋದರೆ ಒಳ್ಳೇದಲ್ವಾ' ಅಂದುಬಿಟ್ಟೆ. ಅವತ್ತಿನಿಂದ ನನ್ನ ಹತ್ತಿರ ಮೊದಲಿನ ಹಾಗೆ ಮಾತಿಲ್ಲ. ಅಲ್ಲಿನ ಪ್ರತಿಭಟನೆಗಳೆಲ್ಲ ಅಮೆರಿಕದ ಕುಮ್ಮಕ್ಕು ಅಂತಾರೆ ನಮ್ಮ ಯಜಮಾನರು. ಅಮೆರಿಕ ಬಂದು ಬಿಡಿಸಲಿ ಅಂತ ಆ ಜನ ಕಾಯ್ತಿದ್ದಾರೆ ಅಂತಾನೆ ಮಗ. ಯಾವುದು ನಿಜ? ಅವರಿಗೆ ನಿಜವಾಗಿ ಬೇಕಾಗಿರೋದು ಏನು? ಅವರ ಮುಂದೆ ದಾರಿಯಾದರೂ ಏನಿದೆ?

ಉತ್ತರ: ನಿಮ್ಮ ಮನೆಯ ಹುಡುಗಿಯ ಮಾತಿನಲ್ಲಿ ಗೊಂದಲ ಏನೂ ಇಲ್ಲ. ಅವಳಿಗೆ ಈ ಸರ್ಕಾರವೂ ಬೇಡ, ಹೊರಗಿನವರ ಬಾಂಬೂ ಬೇಡ. ನಾನು ಪಶ್ಚಿಮ ಏಷ್ಯಾದ ರಾಜಕೀಯವನ್ನು ಬಹಳ ವರ್ಷ ಪಾಠ ಮಾಡಿದವಳು. ನನ್ನ ತರಗತಿಯಲ್ಲಿ ಕೂತ ಇರಾನಿ ಮಕ್ಕಳಲ್ಲಿ ಧರ್ಮದ ಬಗ್ಗೆ, ಹಳೆಯ ರಾಜಮನೆತನದ ಬಗ್ಗೆ, ಅಮೆರಿಕದ ಬಗ್ಗೆ ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ ಇರುತ್ತಿತ್ತು. ಒಂದು ವಿಷಯದಲ್ಲಿ ಮಾತ್ರ ಹೆಚ್ಚುಕಮ್ಮಿ ಎಲ್ಲರೂ ಒಂದೇ. ನಮ್ಮನ್ನು ಆಳುವವರನ್ನು ನಾವೇ ಕೂರಿಸಬೇಕು, ಬೇಡವಾದಾಗ ನಾವೇ ಇಳಿಸಬೇಕು ಅನ್ನುತ್ತಿದ್ದರು. ಈ ಮಾತು ಟೆಹ್ರಾನಿನಲ್ಲಿ ಕೂತವರಿಗೂ ಅನ್ವಯ, ವಾಷಿಂಗ್ಟನ್ನಿನಲ್ಲಿ ಕೂತವರಿಗೂ ಅನ್ವಯ. ನಿಮಗೆ ಎರಡು ಅಂತ ಕಂಡದ್ದು ಅವಳಿಗೆ ಒಂದೇ ಆಸೆ.

ಇದನ್ನು ಬರೆಯುತ್ತಿರುವುದು 2025ರ ಅಕ್ಟೋಬರ್ ಮೊದಲ ವಾರದಲ್ಲಿ. ಅಲ್ಲಿನ ಪರಿಸ್ಥಿತಿ ತಿಂಗಳಿಗೊಂದು ರೀತಿ ಬದಲಾಗುತ್ತಿದೆ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ.

ಮೊದಲು ನಿಮ್ಮ ಯಜಮಾನರ ಮಾತು ತಗೊಳ್ಳೋಣ. ಪ್ರತಿಭಟನೆಯ ಹಿಂದೆ ವಿದೇಶಿ ಕೈ ಇದೆ ಅಂತ ಇರಾನ್ ಸರ್ಕಾರ ಪ್ರತಿ ಸಲವೂ ಹೇಳುತ್ತದೆ. ಆದರೆ ಜನ ಬೀದಿಗೆ ಬಂದ ಕಾರಣಗಳನ್ನು ಒಂದೊಂದಾಗಿ ನೋಡಿ. 2017ರ ಡಿಸೆಂಬರ್‌ನಲ್ಲಿ ಮಶಾದ್ ನಗರದಲ್ಲಿ ಶುರುವಾದದ್ದು ಬೆಲೆ ಏರಿಕೆಗೆ. ಚೀಟಿ ಕಂಪನಿಗಳಂಥ ಹಣಕಾಸು ಸಂಸ್ಥೆಗಳಲ್ಲಿ ದುಡ್ಡು ಕಳಕೊಂಡವರ ಸಿಟ್ಟೂ ಅದಕ್ಕೆ ಸೇರಿತ್ತು. 2019ರ ನವೆಂಬರ್ 15ರಂದು ರಾತ್ರೋರಾತ್ರಿ ಪೆಟ್ರೋಲ್ ದರ ಏರಿತು. ತಿಂಗಳಿಗೆ 60 ಲೀಟರ್‌ವರೆಗೆ ಒಂದೂವರೆ ಪಟ್ಟು, ಅದರ ಮೇಲೆ ಮೂರು ಪಟ್ಟು. ಜನ ಬೀದಿಗಿಳಿದರು, ಸರ್ಕಾರ ಇಡೀ ದೇಶದ ಇಂಟರ್ನೆಟ್ ಕಡಿದು ಗುಂಡು ಹೊಡೆಯಿತು. ಮಾನವ ಹಕ್ಕುಗಳ ಆಮ್ನೆಸ್ಟಿ ಸಂಸ್ಥೆ ಮುನ್ನೂರಕ್ಕೂ ಹೆಚ್ಚು ಸಾವುಗಳನ್ನು ದಾಖಲಿಸಿತು. 2021ರಲ್ಲಿ ನೈರುತ್ಯದ ಖುಜೆಸ್ತಾನ ಪ್ರಾಂತ್ಯದ ಜನ ಕೇಳಿದ್ದು ನೀರು. ಇನ್ನು 2022. ಸಕ್ಕೇಜ್ ಎಂಬ, ಕುರ್ದ್ ಜನಾಂಗದವರ ಊರಿನ 22 ವರ್ಷದ ಮಹ್ಸಾ ಅಮಿನಿ ಟೆಹ್ರಾನಿಗೆ ಬಂದಿದ್ದಳು. ಹಿಜಾಬ್ ಸರಿಯಾಗಿ ಹಾಕಿಲ್ಲ ಅಂತ, ಉಡುಗೆ ನಡತೆ ಕಾಯಲು ಸರ್ಕಾರವೇ ಇಟ್ಟ ನೈತಿಕ ಪೊಲೀಸರು ಹಿಡಿದುಕೊಂಡು ಹೋದರು. ಸೆಪ್ಟೆಂಬರ್ 16ರಂದು ಆಸ್ಪತ್ರೆಯಲ್ಲಿ ತೀರಿಕೊಂಡಳು. ಊರಿನ ಸ್ಮಶಾನದಲ್ಲಿ ಮಣ್ಣು ಮಾಡುವಾಗ ಹೆಂಗಸರು ತಲೆಯ ಬಟ್ಟೆ ತೆಗೆದು ಬೀಸಿದರು. 'ಹೆಣ್ಣು, ಬದುಕು, ಸ್ವಾತಂತ್ರ್ಯ' ಎಂಬ ಕುರ್ದ್ ಘೋಷಣೆ ಅಲ್ಲಿಂದ ದೇಶವೆಲ್ಲ ಹಬ್ಬಿತು. ಸತ್ತ ಮಗಳಿಗಾಗಿ ಊರಿನವರು ಕೂಗುವುದಕ್ಕೆ ವಾಷಿಂಗ್ಟನ್ನಿನಿಂದ ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗಂತ ವಿದೇಶಿ ಕೈ ಅನ್ನೋದು ಪೂರ್ತಿ ಕಟ್ಟುಕತೆಯೂ ಅಲ್ಲ. ಇರಾನಿನ ಅಣು ವಿಜ್ಞಾನಿಗಳನ್ನು ಬೀದಿಯಲ್ಲಿ ಕೊಂದಿದ್ದಾರೆ. 2025ರ ಜೂನ್‌ನ ಹನ್ನೆರಡು ದಿನಗಳ ಯುದ್ಧದಲ್ಲಿ ಇಸ್ರೇಲಿನ ಗೂಢಚಾರರು ಎಷ್ಟು ಒಳಗೆ ಹೊಕ್ಕಿದ್ದಾರೆ ಅಂತ ಜಗತ್ತೇ ನೋಡಿತು. ಸರ್ಕಾರ ಈ ನಿಜವಾದ ಭಯವನ್ನು ತೋರಿಸಿ ನೀರು ಕೇಳಿದವರನ್ನೂ, ಮಗಳನ್ನು ಕಳಕೊಂಡವರನ್ನೂ ಗೂಢಚಾರರ ಪಟ್ಟಿಗೆ ಸೇರಿಸುತ್ತದೆ. ಯುದ್ಧ ನಡೆದ ಹನ್ನೆರಡು ದಿನಗಳಲ್ಲೇ ಸುಮಾರು 21 ಸಾವಿರ 'ಶಂಕಿತ'ರನ್ನು ಹಿಡಿದೆವು ಅಂತ ಅಲ್ಲಿನ ಪೊಲೀಸರೇ ಹೇಳಿಕೊಂಡರು. ಅಷ್ಟೂ ಜನ ಗೂಢಚಾರರು ಅಂತ ನಂಬುವುದು ಕಷ್ಟ.

ಆದರೂ ಸರ್ಕಾರದ ಈ ಮಾತನ್ನು ನಂಬುವವರು ಇದ್ದಾರೆ. ಯಾಕೆ ನಂಬುತ್ತಾರೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಈ ಭಾಗ ನಮ್ಮಲ್ಲಿ ಯಾರೂ ಅಷ್ಟಾಗಿ ಹೇಳುವುದಿಲ್ಲ, ಹಾಗಾಗಿ ಬಿಡಿಸಿ ಹೇಳುತ್ತೇನೆ.

1905ರ ಚಳಿಗಾಲ. ರಷ್ಯಾ ಮತ್ತು ಜಪಾನ್ ಯುದ್ಧದಿಂದ ಸಕ್ಕರೆ ಬರುವುದು ಕಡಿಮೆಯಾಗಿ ಟೆಹ್ರಾನಿನಲ್ಲಿ ಬೆಲೆ ಏರಿತ್ತು. ನಗರದ ಗವರ್ನರ್ ಸಕ್ಕರೆ ವ್ಯಾಪಾರಿಗಳನ್ನು ಹಿಡಿಸಿ ಅಂಗಾಲಿಗೆ ಹೊಡೆಸಿದ. ಬಜಾರ್ ಬಾಗಿಲು ಮುಚ್ಚಿತು. ಮೊದಲು 'ನ್ಯಾಯಾಲಯ ಕೊಡಿ' ಅಂತ ಇದ್ದ ಬೇಡಿಕೆ ಮುಂದಿನ ಬೇಸಿಗೆಗೆ 'ಸಂಸತ್ತು ಕೊಡಿ' ಅಂತ ಆಯಿತು. ರಾಜನ ಸೈನಿಕರು ಮುಟ್ಟಬಾರದು ಅಂತ 1906ರ ಜುಲೈ, ಆಗಸ್ಟ್‌ನಲ್ಲಿ 12 ಸಾವಿರಕ್ಕೂ ಜಾಸ್ತಿ ಜನ ಟೆಹ್ರಾನಿನ ಬ್ರಿಟಿಷ್ ದೂತಾವಾಸದ ತೋಟಕ್ಕೆ ಹೋಗಿ ಕೂತರು. ದರ್ಜಿಗಳದು ಒಂದು ಡೇರೆ, ಚಮ್ಮಾರರದು ಒಂದು, ಪುಸ್ತಕ ವ್ಯಾಪಾರಿಗಳದು ಇನ್ನೊಂದು, ಹೀಗೆ ಕಸುಬಿಗೊಂದು ಡೇರೆ. ದೊಡ್ಡ ದೊಡ್ಡ ಹಂಡೆಗಳಲ್ಲಿ ಅಡುಗೆ. ಖರ್ಚು ಬಜಾರಿನ ಸಾಹುಕಾರರದು. ಶಾಲೆ ಕಲಿತ ಹುಡುಗರು ಡೇರೆಯಿಂದ ಡೇರೆಗೆ ಹೋಗಿ ಸಂವಿಧಾನ ಅಂದರೇನು ಅಂತ ವಿವರಿಸುತ್ತಿದ್ದರು. ಆಗಸ್ಟ್‌ನಲ್ಲಿ ರಾಜ ಮುಜಫ್ಫರುದ್ದೀನ್ ಷಾ ಸಹಿ ಹಾಕಿದ. ಮಜ್ಲಿಸ್ ಎಂಬ ಅವರ ಸಂಸತ್ತು ಹುಟ್ಟಿತು. ನಮ್ಮ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಇದ್ದ ಕಾಲ ಅದು. ಆದರೆ ಆ ಸಭೆ ರಾಜರಿಗೆ ಸಲಹೆ ಮಾತ್ರ ಕೊಡಬಹುದಿತ್ತು. ಇರಾನಿನ ಜನ ಪಡೆದದ್ದು ರಾಜನ ಕೈ ಕಟ್ಟುವ ಸಂಸತ್ತು.

ಮರುವರ್ಷವೇ, 1907ರಲ್ಲಿ, ತೋಟದಲ್ಲಿ ಜಾಗ ಕೊಟ್ಟ ಬ್ರಿಟನ್ ರಷ್ಯಾದ ಜೊತೆ ಕೂತು ಇರಾನನ್ನು ಪ್ರಭಾವದ ವಲಯಗಳಾಗಿ ಹಂಚಿಕೊಂಡಿತು. ಉತ್ತರ ನಿನಗೆ, ಆಗ್ನೇಯ ನನಗೆ. ಇರಾನಿಯರನ್ನು ಒಂದು ಮಾತೂ ಕೇಳಲಿಲ್ಲ. 1908ರಲ್ಲಿ ಹೊಸ ರಾಜನ ಪರವಾಗಿ ರಷ್ಯಾದ ಅಧಿಕಾರಿ ಲ್ಯಾಖೋವ್ ಮಜ್ಲಿಸ್ ಕಟ್ಟಡಕ್ಕೆ ಫಿರಂಗಿ ಹೊಡೆಸಿದ. ಜನ ಬಿಡಲಿಲ್ಲ, ಹೋರಾಡಿ ಸಂಸತ್ತನ್ನು ಮತ್ತೆ ತಂದರು. ಖಜಾನೆ ಸರಿಮಾಡಲು ಮಾರ್ಗನ್ ಶುಸ್ಟರ್ ಎಂಬ ಅಮೆರಿಕನ್ನನನ್ನು ಕರೆಸಿದರು. ಅವನು ಪ್ರಾಮಾಣಿಕವಾಗಿ ಕೆಲಸ ಶುರುಮಾಡಿದ. ಅವನನ್ನು ತೆಗೆಯಿರಿ, ಇಲ್ಲದಿದ್ದರೆ ಸೈನ್ಯ ನುಗ್ಗಿಸುತ್ತೇವೆ ಅಂತ ರಷ್ಯಾ ಗಡುವು ಕೊಟ್ಟಿತು, ಬ್ರಿಟನ್ ಅದಕ್ಕೆ ತಲೆಯಾಡಿಸಿತು. 1911ರ ಡಿಸೆಂಬರ್‌ನಲ್ಲಿ ಮಜ್ಲಿಸ್ ಬಾಗಿಲು ಮುಚ್ಚಿತು. ಒಳಗಿನ ಯಜಮಾನನ ವಿರುದ್ಧ ಎದ್ದು ನಿಂತು ಗೆದ್ದವರನ್ನು ಹೊರಗಿನ ಯಜಮಾನರು ಬಂದು ಹತ್ತಿಕ್ಕಿದರು. ಇದು ಮೊದಲ ಸಲ.

ಎರಡನೆಯ ಸಲ 1953. ತೈಲ ಇರಾನಿನದು, ಕಂಪನಿ ಬ್ರಿಟಿಷರದು. ಕಂಪನಿ ಲಂಡನ್ನಿನ ಸರ್ಕಾರಕ್ಕೆ ಕಟ್ಟುತ್ತಿದ್ದ ತೆರಿಗೆಯೇ ಇರಾನಿಗೆ ಕೊಡುತ್ತಿದ್ದ ಪಾಲಿಗಿಂತ ಜಾಸ್ತಿ ಇತ್ತು. 1951ರಲ್ಲಿ ಮಜ್ಲಿಸ್ ತೈಲವನ್ನು ರಾಷ್ಟ್ರೀಕರಣ ಮಾಡಿತು. ಅದರ ಮುಂದಾಳು ಮೊಸದ್ದೆಕ್ ಪ್ರಧಾನಿಯಾದರು. 1953ರ ಆಗಸ್ಟ್ 19ರಂದು ಅಮೆರಿಕದ ಸಿಐಎ ಮತ್ತು ಬ್ರಿಟಿಷ್ ಗುಪ್ತಚರ ಸಂಸ್ಥೆ ಸೇರಿ ಅವರನ್ನು ಉರುಳಿಸಿದವು. ಇದು ಊಹೆಯಲ್ಲ. 2013ರಲ್ಲಿ ಬಯಲಿಗೆ ಬಂದ ಸಿಐಎ ದಾಖಲೆಗಳಲ್ಲೇ ಇದೆ. ಆಗಿನ ರಾಜ ಮೊಹಮ್ಮದ್ ರೆಜಾ ಷಾ ಮತ್ತೆ ಗಟ್ಟಿಯಾಗಿ ಕೂತ. ಸವಾಕ್ ಎಂಬ ಗುಪ್ತ ಪೊಲೀಸ್ ಪಡೆ ಹುಟ್ಟಿತು. ಮೊಸದ್ದೆಕ್ ಮೂರು ವರ್ಷ ಜೈಲು ಕಂಡು, ಸಾಯುವವರೆಗೆ ಅಹ್ಮದಾಬಾದ್ ಎಂಬ ತಮ್ಮ ಹಳ್ಳಿಯ ಮನೆಯಲ್ಲಿ ಬಂದಿಯಾಗಿದ್ದರು.

ಆ ಷಾನನ್ನು ಇಳಿಸಿ ಧರ್ಮಗುರುಗಳ ಆಡಳಿತ ತಂದ 1979ರ ಕ್ರಾಂತಿ, ಅಮೆರಿಕದ ದೂತಾವಾಸದಲ್ಲಿ 444 ದಿನಗಳ ಒತ್ತೆಸೆರೆ, ಎಂಟು ವರ್ಷ ಇರಾಕ್ ಜೊತೆ ಯುದ್ಧ, ಇದೆಲ್ಲ ನೀವು ಕೇಳಿರುತ್ತೀರಿ. ಒಂದನ್ನು ಮಾತ್ರ ಸೇರಿಸುತ್ತೇನೆ. ಆ ಯುದ್ಧದಲ್ಲಿ ಸದ್ದಾಂ ಹುಸೇನ್ ರಾಸಾಯನಿಕ ಅಸ್ತ್ರ ಹಾಕಿದಾಗ ದೊಡ್ಡ ದೇಶಗಳು ಅವನನ್ನು ತಡೆಯಲಿಲ್ಲ. ಆ ವಿಷಗಾಳಿ ಕುಡಿದವರು ಇವತ್ತಿಗೂ ಕೆಮ್ಮುತ್ತಾ ಬದುಕಿದ್ದಾರೆ. ಸರ್ಕಾರವನ್ನು ದ್ವೇಷಿಸುವ ಮನೆಗಳಲ್ಲೂ ಅಂಥ ಒಬ್ಬ ಚಿಕ್ಕಪ್ಪನೋ ಮಾವನೋ ಇರುತ್ತಾನೆ.

ಇನ್ನು ಸುಧಾರಣೆಯ ಆಸೆ. ಇರಾನಿಯರು ಶಾಂತವಾಗಿ, ಮತಪೆಟ್ಟಿಗೆಯ ಮೂಲಕ ಬದಲಾವಣೆ ತರಲು ನೋಡಲೇ ಇಲ್ಲ ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಬೇರೆ ಯಾರೂ ಪಡದಷ್ಟು ಪಾಡುಪಟ್ಟರು. 1997ರ ಮೇ 23ರಂದು ಮೊಹಮ್ಮದ್ ಖತಾಮಿ ಅಧ್ಯಕ್ಷ ಚುನಾವಣೆ ಗೆದ್ದರು. ಅಧಿಕಾರದಲ್ಲಿದ್ದವರಿಗೆ ಬೇಕಾಗಿದ್ದ ಅಭ್ಯರ್ಥಿ ಬೇರೆ. ಆದರೆ ಸುಮಾರು 80 ಶೇಕಡ ಜನ ಮತ ಹಾಕಿದರು, ಅದರಲ್ಲಿ 70 ಶೇಕಡದ ಹತ್ತಿರ ಖತಾಮಿಗೆ. ಹೆಂಗಸರು, ಹುಡುಗರು ಸಾಲುಗಟ್ಟಿ ನಿಂತು ಗೆಲ್ಲಿಸಿದ ಚುನಾವಣೆ ಅದು.

ಆಮೇಲಿನ ಮೂರು ವರ್ಷದ ಪತ್ರಿಕೆಗಳ ಕತೆ ಕೇಳಿ. 1998ರಲ್ಲಿ 'ಜಾಮೆಎ' ಅಂತ ಒಂದು ದಿನಪತ್ರಿಕೆ ಶುರುವಾಯಿತು. ಬೆಳಿಗ್ಗೆ ಬಂದರೆ ಮಧ್ಯಾಹ್ನದೊಳಗೆ ಖಾಲಿ. ನ್ಯಾಯಾಲಯ ಅದನ್ನು ಮುಚ್ಚಿಸಿತು. ಅದೇ ಬಳಗ 'ತೂಸ್' ಅಂತ ಹೆಸರು ಬದಲಿಸಿ ಮತ್ತೆ ತಂದಿತು. ಅದನ್ನೂ ಮುಚ್ಚಿಸಿದರು. 'ನೆಶಾತ್' ಬಂತು, ಅದೂ ಹೋಯಿತು, 'ಅಸ್ರ್-ಎ ಆಜಾದೆಗಾನ್' ಬಂತು. ಓದುಗರು ಹೊಸ ಹೆಸರಿನ ಕೆಳಗೆ ಹಳೆಯ ಬರಹಗಾರರನ್ನು ಗುರುತಿಸಿ ಕೊಂಡುಕೊಳ್ಳುತ್ತಿದ್ದರು. 2000ದ ಏಪ್ರಿಲ್‌ನಲ್ಲಿ ಹತ್ತಾರು ಪತ್ರಿಕೆಗಳನ್ನು ಒಂದೇ ಏಟಿಗೆ ಮುಚ್ಚಿದರು. ಅಧ್ಯಕ್ಷರು ಸುಧಾರಣೆಯವರು, ಅದೇ ವರ್ಷ ಗೆದ್ದು ಬಂದ ಮಜ್ಲಿಸ್ ಕೂಡ ಸುಧಾರಣೆಯವರದು. ಆದರೂ ಏನೂ ಮಾಡಲಾಗಲಿಲ್ಲ.

ಯಾಕೆ ಅಂದರೆ ಅಲ್ಲಿನ ವ್ಯವಸ್ಥೆಯೇ ಹಾಗಿದೆ. ಜನ ಆರಿಸಿದ ಅಧ್ಯಕ್ಷ, ಸಂಸತ್ತು ಇವೆ. ಅವುಗಳ ಮೇಲೆ ಜನ ನೇರವಾಗಿ ಆರಿಸದ ಸರ್ವೋಚ್ಚ ನಾಯಕ. 1989ರಿಂದ, ಇದನ್ನು ಬರೆಯುವ 2025ರವರೆಗೂ, ಆ ಜಾಗದಲ್ಲಿ ಅಲಿ ಖಮೇನಿ ಇದ್ದಾರೆ. ಸೈನ್ಯ, ನ್ಯಾಯಾಂಗದ ಮುಖ್ಯಸ್ಥ, ಸರ್ಕಾರಿ ಟಿವಿ ಎಲ್ಲ ಆ ನಾಯಕರ ಕೈಯಲ್ಲಿ. ನಡುವೆ ಹನ್ನೆರಡು ಜನರ ಗಾರ್ಡಿಯನ್ ಕೌನ್ಸಿಲ್. ಅದರಲ್ಲಿ ಆರು ಜನ ಧರ್ಮಪಂಡಿತರನ್ನು ನೇಮಿಸುವುದು ನಾಯಕರೇ. ಉಳಿದ ಆರು ಕಾನೂನು ತಜ್ಞರ ಹೆಸರು ಸೂಚಿಸುವವರು ನಾಯಕರು ನೇಮಿಸಿದ ನ್ಯಾಯಾಂಗದ ಮುಖ್ಯಸ್ಥರು. ಚುನಾವಣೆಗೆ ಯಾರು ನಿಲ್ಲಬಹುದು, ಸಂಸತ್ತಿನ ಯಾವ ಕಾನೂನು ನಿಲ್ಲಬಹುದು ಎರಡನ್ನೂ ಈ ಮಂಡಳಿ ತೀರ್ಮಾನಿಸುತ್ತದೆ. ಅಧ್ಯಕ್ಷರ ಅಧಿಕಾರ ಹೆಚ್ಚಿಸಲು, ಈ ಮಂಡಳಿಯ ಸೋಸುವ ಅಧಿಕಾರ ಕಡಿಮೆ ಮಾಡಲು ಖತಾಮಿ ಎರಡು ಮಸೂದೆ ತಂದರು. ಅವು ಪಾಸಾಗಬೇಕಾದದ್ದು ಇದೇ ಮಂಡಳಿಯ ಮುಂದೆ! ಪಾಸಾಗಲಿಲ್ಲ. 2004ರ ಚುನಾವಣೆಯಲ್ಲಿ ಸುಧಾರಣೆಯವರನ್ನು ರಾಶಿಗಟ್ಟಲೆ ಅನರ್ಹ ಮಾಡಿದರು.

ಇದು ಒಳಗಿನ ಪೆಟ್ಟು. ಹೊರಗಿನ ಪೆಟ್ಟನ್ನೂ ನೋಡಿ. 2001ರ ಸೆಪ್ಟೆಂಬರ್ 11ರ ದಾಳಿಯಾದಾಗ ಟೆಹ್ರಾನಿನ ಚೌಕದಲ್ಲಿ ಹುಡುಗ ಹುಡುಗಿಯರು ಮೇಣದ ಬತ್ತಿ ಹಚ್ಚಿ ಅಮೆರಿಕನ್ನರಿಗಾಗಿ ನಿಂತರು. ಡಿಸೆಂಬರ್‌ನಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಅಫ್ಘಾನಿಸ್ತಾನಕ್ಕೆ ಹೊಸ ಸರ್ಕಾರ ಕಟ್ಟುವಾಗ ಇರಾನಿನ ರಾಜತಾಂತ್ರಿಕರು ಅಮೆರಿಕದ ಜೊತೆ ಸೇರಿ ಕೆಲಸ ಮಾಡಿದರು. 2002ರ ಜನವರಿಯಲ್ಲಿ ಜಾರ್ಜ್ ಬುಷ್ ಇರಾನನ್ನು ಇರಾಕ್, ಉತ್ತರ ಕೊರಿಯಾ ಜೊತೆ ಸೇರಿಸಿ 'ದುಷ್ಟಕೂಟ' ಅಂತ ಕರೆದರು. ಅಮೆರಿಕದ ಜೊತೆ ಮಾತಾಡಬಹುದು ಅಂದವರ ಮುಖಕ್ಕೆ ಹೊಡೆದ ಹಾಗಾಯಿತು. ಮಾತುಕತೆ ಬೇಡ ಅಂದವರು 'ನಾವು ಹೇಳಿರಲಿಲ್ವಾ' ಅಂದರು.

ಇದೇ ಕತೆ 2015ರಲ್ಲಿ ಮತ್ತೆ ನಡೆಯಿತು. ಜುಲೈ 14ರಂದು ವಿಯೆನ್ನಾದಲ್ಲಿ ಅಣು ಒಪ್ಪಂದ ಆದಾಗ ಟೆಹ್ರಾನಿನ ವಲಿಅಸ್ರ್ ರಸ್ತೆಯಲ್ಲಿ ಜನ ಕಾರಿನ ಕಿಟಕಿಯಿಂದ ಹೊರಗೆ ಬಾಗಿ ಕುಣಿದರು. ಆರ್ಥಿಕ ನಿರ್ಬಂಧ ತೆಗೆಯುವುದಕ್ಕೆ ಬದಲಾಗಿ ಯುರೇನಿಯಂ ಸಂವರ್ಧನೆಯನ್ನು ಬಾಂಬಿಗೆ ಬೇಕಾದದ್ದಕ್ಕಿಂತ ಬಹಳ ಕಡಿಮೆಯಾದ 3.67 ಶೇಕಡಕ್ಕೆ ಇಳಿಸಲು ಇರಾನ್ ಒಪ್ಪಿತು. ಒಪ್ಪಂದ ಪಾಲನೆಯಾಗುತ್ತಿದೆ ಅಂತ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಮತ್ತೆ ಮತ್ತೆ ಹೇಳಿತು. 2018ರ ಮೇ 8ರಂದು ಟ್ರಂಪ್ ಅದರಿಂದ ಹೊರಬಂದು ನಿರ್ಬಂಧಗಳನ್ನು ಮತ್ತೆ ಹೇರಿದರು. ಒಪ್ಪಂದದ ಕಾಲಕ್ಕೆ ಒಂದು ಡಾಲರಿಗೆ ಸುಮಾರು 33 ಸಾವಿರ ರಿಯಾಲ್ ಇತ್ತು. 2025ರ ಅಕ್ಟೋಬರ್ ಹೊತ್ತಿಗೆ 11 ಲಕ್ಷ ದಾಟಿದೆ. ನಿವೃತ್ತ ಮೇಷ್ಟ್ರೊಬ್ಬರು ಜೀವಮಾನವಿಡೀ ಕೂಡಿಟ್ಟ ಹಣಕ್ಕೆ ಇದು ಏನು ಮಾಡುತ್ತದೆ ಅಂತ ನೀವೇ ಲೆಕ್ಕ ಹಾಕಿ.

ನಿರ್ಬಂಧದ ಬಗ್ಗೆ ನಮ್ಮಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ದುಡ್ಡು ನಿಲ್ಲಿಸಿದರೆ ಸರ್ಕಾರ ಬಗ್ಗುತ್ತದೆ, ಜನ ದಂಗೆ ಏಳುತ್ತಾರೆ ಅಂತ. ಹಾಗೆ ಆಗಲಿಲ್ಲ. ಔಷಧಕ್ಕೆ ಕಾಗದದ ಮೇಲೆ ವಿನಾಯಿತಿ ಇದೆ, ಆದರೆ ಹಣ ಕಳಿಸಲು ಯಾವ ಬ್ಯಾಂಕೂ ಮುಂದೆ ಬರುವುದಿಲ್ಲ. ಮುಟ್ಟಿದರೆ ಚರ್ಮ ಸುಲಿಯುವ ಒಂದು ಹುಟ್ಟು ಕಾಯಿಲೆ ಇದೆ. ಆ ಮಕ್ಕಳ ಗಾಯಕ್ಕೆ ಹಾಕುವ ಮೆತ್ತನೆಯ ಪಟ್ಟಿ ಯುರೋಪಿನಿಂದ ಬರುವುದು ಈ ಕಾರಣಕ್ಕೇ ನಿಂತುಹೋಗಿತ್ತು. ಇತ್ತ ನೇರ ವ್ಯಾಪಾರ ನಿಂತರೆ ಕಳ್ಳ ವ್ಯಾಪಾರ ಬೆಳೆಯುತ್ತದೆ. ಬಂದರು, ಗಡಿ, ದೊಡ್ಡ ಗುತ್ತಿಗೆಗಳ ಮೇಲೆ ಹಿಡಿತ ಇರುವ ರೆವಲ್ಯೂಷನರಿ ಗಾರ್ಡ್ಸ್ ಪಡೆಗೆ ಅದರಲ್ಲಿ ಲಾಭ. ಬಡವಾದದ್ದು ಮಧ್ಯಮ ವರ್ಗ. ಸುಧಾರಣೆಗೆ ಮತ ಹಾಕುತ್ತಿದ್ದವರು, ಪತ್ರಿಕೆ ಕೊಳ್ಳುತ್ತಿದ್ದವರು, ಮಕ್ಕಳನ್ನು ಮೈಸೂರಿಗೋ ಪುಣೆಗೋ ಓದಲು ಕಳಿಸುತ್ತಿದ್ದವರು ಅವರೇ. ನಮ್ಮ ಮಂಗಳೂರಿನ ಎಂಆರ್‌ಪಿಎಲ್ ಒಂದು ಕಾಲದಲ್ಲಿ ಇರಾನಿನ ಕಚ್ಚಾತೈಲದ ದೊಡ್ಡ ಗಿರಾಕಿಯಾಗಿತ್ತು. 2019ರ ಮೇ ನಂತರ ಭಾರತ ಆ ಕೊಳ್ಳುವಿಕೆಯನ್ನೇ ನಿಲ್ಲಿಸಿತು. ಈಗ ಇರಾನಿನ ತೈಲದಲ್ಲಿ ಬಹುಪಾಲು ಚೀನಾಕ್ಕೆ, ಅದೂ ಕಡಿಮೆ ದರಕ್ಕೆ ಹೋಗುತ್ತದೆ. 2025ರ ಸೆಪ್ಟೆಂಬರ್ ಕೊನೆಗೆ ವಿಶ್ವಸಂಸ್ಥೆಯ ಹಳೆಯ ನಿರ್ಬಂಧಗಳೂ ವಾಪಸ್ ಬಂದಿವೆ.

ಈಗ ನಿಮ್ಮ ಮಗನ ಮಾತು. ಅದರಲ್ಲೂ ಅರ್ಧ ನಿಜ ಇದೆ. ಅಮೆರಿಕ ವಿರೋಧದ ಸರ್ಕಾರಿ ಪಾಠ ಜನರಿಗೆ ಸಾಕಾಗಿ ಹೋಗಿದೆ. 2009ರ ಚುನಾವಣೆಯಲ್ಲಿ ಮೋಸ ಆಯಿತು ಅಂತ 'ನನ್ನ ಮತ ಎಲ್ಲಿ?' ಅನ್ನುತ್ತಾ ಲಕ್ಷಾಂತರ ಜನ ಬೀದಿಗೆ ಬಂದಿದ್ದರು. ಆ ಜುಲೈ 17ರಂದು ಟೆಹ್ರಾನ್ ವಿಶ್ವವಿದ್ಯಾಲಯದ ಶುಕ್ರವಾರದ ಪ್ರಾರ್ಥನೆಯಲ್ಲಿ ಧ್ವನಿವರ್ಧಕದಲ್ಲಿ 'ಅಮೆರಿಕಕ್ಕೆ ಧಿಕ್ಕಾರ' ಅಂತ ಕೂಗಿಸಿದರೆ, ಜನ 'ರಷ್ಯಾಕ್ಕೆ ಧಿಕ್ಕಾರ' ಅಂತ ಉತ್ತರ ಕೊಟ್ಟರು. ಮಾಸ್ಕೋ ತಮ್ಮ ಆಳುವವರ ಬೆನ್ನಿಗೆ ನಿಂತಿದೆ ಅನ್ನುವ ಸಿಟ್ಟು. 1828ರ ತುರ್ಕಮಂಚಾಯ್ ಒಪ್ಪಂದದಲ್ಲಿ ರಷ್ಯಾಕ್ಕೆ ನೆಲ ಬಿಟ್ಟುಕೊಟ್ಟದ್ದನ್ನು ಅವರು ಇನ್ನೂ ಮರೆತಿಲ್ಲ. 2020ರ ಜನವರಿಯಲ್ಲಿ ಟೆಹ್ರಾನಿನ ಬೆಹೆಷ್ತಿ ವಿಶ್ವವಿದ್ಯಾಲಯದ ದಾರಿಯ ಮೇಲೆ ಅಮೆರಿಕ, ಇಸ್ರೇಲ್ ಬಾವುಟಗಳನ್ನು ತುಳಿಯಲಿ ಅಂತ ಬಣ್ಣದಲ್ಲಿ ಬರೆಸಿದ್ದರು. ವಿದ್ಯಾರ್ಥಿಗಳು ಅಂಚಿನಲ್ಲಿ ಸರಿದು, ತುಳಿಯದೆ ನಡೆದರು. 'ನಮ್ಮ ಶತ್ರು ಇಲ್ಲೇ ಇದ್ದಾನೆ, ಅಮೆರಿಕ ಅಂತ ಸುಳ್ಳು ಹೇಳ್ತಾರೆ' ಅನ್ನುವುದು ಇತ್ತೀಚಿನ ಪ್ರತಿಭಟನೆಗಳಲ್ಲಿ ಕೇಳಿಬಂದ ಘೋಷಣೆ.

ಹತಾಶೆಯಿಂದ 'ಯಾರಾದರೂ ಬಂದು ಬಿಡಿಸಲಿ' ಅನ್ನುವವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಹೊರದೇಶದ ಕೆಲವು ಟಿವಿ ಚಾನೆಲ್‌ಗಳಲ್ಲಿ ಅಂಥವರ ದನಿ ಜಾಸ್ತಿ ಕೇಳುತ್ತದೆ. ಆದರೆ ಬಾಂಬ್ ಬಿದ್ದಾಗ ಏನಾಯಿತು? ಅಣು ವಿಷಯದಲ್ಲಿ ಅಮೆರಿಕದ ಜೊತೆ ಒಮಾನ್ ಮಧ್ಯಸ್ಥಿಕೆಯಲ್ಲಿ ಐದು ಸುತ್ತು ಮಾತುಕತೆ ಆಗಿತ್ತು, ಆರನೆಯದು ಜೂನ್ 15ಕ್ಕೆ ನಿಗದಿಯಾಗಿತ್ತು. ಜೂನ್ 13ರಂದು ಇಸ್ರೇಲ್ ದಾಳಿ ಶುರುಮಾಡಿತು. 22ರಂದು ಅಮೆರಿಕದ ಬಾಂಬರ್‌ಗಳು ಬಂದವು. ಇರಾನಿನ ಲೆಕ್ಕದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ನಮ್ಮ ಗೌರಿಬಿದನೂರು ತಾಲ್ಲೂಕಿನ ಅಲೀಪುರದ ಮಕ್ಕಳೂ ಓದಲು ಹೋದವರು ಅಲ್ಲಿ ಸಿಕ್ಕಿಬಿದ್ದಿದ್ದರು. ಇಸ್ರೇಲಿನ ಪ್ರಧಾನಿ ಇರಾನಿಯರಿಗೆ 'ಎದ್ದು ನಿಲ್ಲಿ' ಅಂತ ಕರೆ ಕೊಟ್ಟರು. ಯಾರೂ ಏಳಲಿಲ್ಲ. ಕಾರಿಗೆ ಮಕ್ಕಳನ್ನು, ಮುದುಕರನ್ನು ಹತ್ತಿಸಿಕೊಂಡು ಕ್ಯಾಸ್ಪಿಯನ್ ಸಮುದ್ರದ ಕಡೆ ಓಡುತ್ತಿರುವ ಜನ ಕ್ರಾಂತಿ ಮಾಡುವುದಿಲ್ಲ.

ಜೂನ್ 23ರ ಹಗಲು ಎವಿನ್ ಜೈಲಿನ ಮೇಲೆ ಬಾಂಬ್ ಬಿತ್ತು. ಈ ಸರ್ಕಾರವನ್ನು ಎದುರಿಸಿದವರನ್ನೆಲ್ಲ ಕೂಡಿಹಾಕುವ ಜೈಲು ಅದು. 70ಕ್ಕೂ ಹೆಚ್ಚು ಜನ ಸತ್ತರು. ಸಿಬ್ಬಂದಿ, ಕೈದಿಗಳು, ಕೈದಿಗಳನ್ನು ನೋಡಲು ಬಂದಿದ್ದ ಮನೆಯವರು ಎಲ್ಲರೂ ಅದರಲ್ಲಿದ್ದರು. ಬಿಡಿಸುತ್ತೇವೆ ಅಂದವರ ಬಾಂಬು ಬಂದಿಗಳ ತಲೆಯ ಮೇಲೇ ಬಿತ್ತು. ನಿಮ್ಮ ಮನೆಯ ಹುಡುಗಿ ಯಾಕೆ ಅತ್ತಳು ಅನ್ನುವುದಕ್ಕೆ ಇದಕ್ಕಿಂತ ಬೇರೆ ಉತ್ತರ ನನಗೆ ಹೊಳೆಯುವುದಿಲ್ಲ. ಯುದ್ಧದ ಮೊದಲ ದಿನಗಳಲ್ಲೇ ನೊಬೆಲ್ ಪಡೆದ ಶಿರಿನ್ ಎಬಾದಿ ಮತ್ತು ನರ್ಗೆಸ್ ಮೊಹಮ್ಮದಿ, ನಿರ್ದೇಶಕರಾದ ಜಾಫರ್ ಪನಾಹಿ ಮತ್ತು ಮೊಹಮ್ಮದ್ ರಸೂಲೋಫ್ ಮುಂತಾದವರು ಸೇರಿ ಹೇಳಿಕೆ ಕೊಟ್ಟರು. ಯುದ್ಧ ನಿಲ್ಲಿಸಿ, ಯುರೇನಿಯಂ ಸಂವರ್ಧನೆ ನಿಲ್ಲಿಸಿ, ಆಳುವವರು ಅಧಿಕಾರ ಬಿಟ್ಟು ಇಳಿಯಿರಿ ಅಂತ. ಅವರಲ್ಲಿ ಜೈಲು ಕಂಡವರೇ ಜಾಸ್ತಿ. ಅವಳ ನಿಲುವೂ ಇದೇ ಇರಬೇಕು.

ಹಾಗಾದರೆ ಮುಂದೆ ದಾರಿ? ಸುಲಭದ್ದು ಯಾವುದೂ ಇಲ್ಲ. ಪ್ರತಿಯೊಂದಕ್ಕೂ ಬೆಲೆ ತೆರಬೇಕು.

ಮತಪೆಟ್ಟಿಗೆಯ ದಾರಿ ಇನ್ನೂ ಪೂರ್ತಿ ಮುಚ್ಚಿಲ್ಲ, ಆದರೆ ಅದರ ಮೇಲಿನ ನಂಬಿಕೆ ಹೋಗಿದೆ. 2024ರ ಅಧ್ಯಕ್ಷ ಚುನಾವಣೆಗೆ ಹೆಸರು ಕೊಟ್ಟವರು 80 ಜನ, ನಿಲ್ಲಲು ಬಿಟ್ಟದ್ದು ಆರು ಜನರನ್ನು. ಮೊದಲ ಸುತ್ತಿನಲ್ಲಿ ಮತ ಹಾಕಿದವರು 40 ಶೇಕಡ. ಗೆದ್ದ ಮಸೂದ್ ಪೆಜೆಶ್ಕಿಯಾನ್ ಹೃದಯ ಶಸ್ತ್ರಚಿಕಿತ್ಸಕರು, ಮೃದು ಮಾತಿನವರು. ಆದರೆ ಯುದ್ಧ, ಅಣು ನೀತಿ, ಪೊಲೀಸ್ ಯಾವುದರಲ್ಲೂ ಕೊನೆಯ ಮಾತು ಅವರದಲ್ಲ. ಈ ದಾರಿಯಲ್ಲಿ ರಕ್ತ ಹರಿಯುವುದಿಲ್ಲ. ಆದರೆ ಒಂದು ತಲೆಮಾರು ಕಾಯುತ್ತಾ ಮುದಿಯಾಗುತ್ತದೆ.

ಬೀದಿಯ ದಾರಿಗೆ ಬೆಲೆ ಪ್ರಾಣ. 2022ರಲ್ಲಿ 500ಕ್ಕೂ ಹೆಚ್ಚು ಜನ ಸತ್ತರು ಅಂತ ಮಾನವ ಹಕ್ಕು ಸಂಘಟನೆಗಳು ಹೇಳುತ್ತವೆ. ಆಮೇಲೆ ಕೆಲವು ಹುಡುಗರನ್ನು ಗಲ್ಲಿಗೂ ಹಾಕಿದರು. ಆದರೂ ಗೆದ್ದದ್ದು ಏನೂ ಇಲ್ಲ ಅಂತ ಹೇಳಲು ನಾನು ಒಪ್ಪುವುದಿಲ್ಲ. ಇವತ್ತು ಟೆಹ್ರಾನಿನ ಬೀದಿಗಳಲ್ಲಿ ಸಾವಿರಾರು ಹೆಂಗಸರು ತಲೆಗೆ ಬಟ್ಟೆ ಇಲ್ಲದೆ ಓಡಾಡುತ್ತಾರೆ. ಮಜ್ಲಿಸ್ ಇನ್ನೂ ಕಠಿಣವಾದ ಹಿಜಾಬ್ ಕಾನೂನು ಪಾಸು ಮಾಡಿತು. 2024ರ ಡಿಸೆಂಬರ್‌ನಲ್ಲಿ ಸರ್ಕಾರವೇ ಅದನ್ನು ಜಾರಿಗೆ ತರದೆ ತಡೆಹಿಡಿಯಿತು. ಕಾನೂನು ಬದಲಾಗಿಲ್ಲ, ಹೆಂಗಸರು ಬದಲಾದರು. ಯಾವ ವಿದೇಶಿ ಶಕ್ತಿಯೂ ಕೊಡಿಸಿದ್ದಲ್ಲ ಇದು, ಯಾವ ಚುನಾವಣೆಯೂ ಕೊಟ್ಟದ್ದಲ್ಲ. ನನಗೆ ಇರಾನಿನ ಬಗ್ಗೆ ಭರವಸೆ ಇದ್ದರೆ ಅದು ಈ ಹೆಂಗಸರಿಂದ.

ಮೂರನೆಯದು ಜನಮತಗಣನೆಯ ದಾರಿ. 2009ರಲ್ಲಿ ಸೋತರು ಅಂತ ಘೋಷಿಸಲಾದ ಮೀರ್ ಹುಸೇನ್ ಮೂಸವಿ 2011ರಿಂದ ಗೃಹಬಂಧನದಲ್ಲಿದ್ದಾರೆ. ಒಂದು ಕಾಲದಲ್ಲಿ ಇದೇ ವ್ಯವಸ್ಥೆಯ ಪ್ರಧಾನಿಯಾಗಿದ್ದವರು. ಇರುವುದನ್ನೇ ಸರಿಮಾಡೋಣ ಅನ್ನುತ್ತಿದ್ದವರು 2023ರಲ್ಲಿ ಹೊಸ ಸಂವಿಧಾನಕ್ಕೆ ಜನಮತಗಣನೆ ಆಗಲಿ ಅಂದರು. 2025ರ ಜುಲೈನಲ್ಲಿ, ಯುದ್ಧ ಮುಗಿದ ಕೂಡಲೇ, ಮತ್ತೆ ಅದನ್ನೇ ಹೇಳಿದರು. ನೂರಾರು ಜನ ಹೆಸರು ಹಾಕಿ ಬೆಂಬಲಿಸಿದರು. ಕೇಳಲು ಚೆನ್ನಾಗಿದೆ. ಆದರೆ ಆಯುಧ ಕೈಯಲ್ಲಿರುವವರು ಅದಕ್ಕೆ ಯಾಕೆ ಒಪ್ಪಬೇಕು ಅನ್ನುವುದಕ್ಕೆ ಯಾರ ಹತ್ತಿರವೂ ಉತ್ತರ ಇಲ್ಲ.

ಹೊರಗಿನಿಂದ ಬೀಳಿಸುವ ದಾರಿಯನ್ನು ನಾನು ದಾರಿ ಅಂತಲೇ ಕರೆಯಲಾರೆ. ಸುಮಾರು ಒಂಬತ್ತು ಕೋಟಿ ಜನರ ದೇಶ. ಪರ್ಷಿಯನ್ನರು, ಅಜೇರಿಗಳು, ಕುರ್ದರು, ಬಲೂಚಿಗಳು, ಅರಬ್ಬರು ಒಟ್ಟಿಗೆ ಇರುವ ದೇಶ. ಪಕ್ಕದ ಇರಾಕಿನಲ್ಲಿ 2003ರ ಅಮೆರಿಕದ ದಾಳಿಯ ನಂತರ ಏನಾಯಿತು ಅಂತ ಅವರು ದೂರದಿಂದ ಓದಿದವರಲ್ಲ, ಗಡಿಯಿಂದ ನೋಡಿದವರು. ಷಾನ ಮಗ ರೆಜಾ ಪಹ್ಲವಿಗೆ ಹೊರದೇಶದಲ್ಲೂ ಒಳಗೂ ಬೆಂಬಲಿಗರಿದ್ದಾರೆ. ಆದರೆ ಬಾಂಬಿನ ಹಿಂದೆ ಬಂದು ಕೂತ ಸರ್ಕಾರಕ್ಕೆ 1953ರ ಕಳಂಕ ಮೊದಲ ದಿನದಿಂದಲೇ ಅಂಟಿಕೊಳ್ಳುತ್ತದೆ.

ಹೊರಗಿನವರು ನಿಜವಾಗಿ ಸಹಾಯ ಮಾಡಬೇಕೆಂದರೆ ಮಾಡುವುದು ಇದೆ. ಇಂಟರ್ನೆಟ್ ಕಡಿದಾಗ ಜನರಿಗೆ ಸಂಪರ್ಕ ಸಿಗುವ ಹಾಗೆ ನೋಡಿಕೊಳ್ಳುವುದು, ಔಷಧಕ್ಕೆ ಬ್ಯಾಂಕ್ ದಾರಿ ತೆರೆಯುವುದು, ಓದುವ ಮಕ್ಕಳಿಗೆ ವೀಸಾ ಕೊಡುವುದು, ಗಲ್ಲು ಶಿಕ್ಷೆಗಳ ಬಗ್ಗೆ ಸುಮ್ಮನಿರದೆ ಕೇಳುವುದು, ಮಾಡಿದ ಒಪ್ಪಂದಕ್ಕೆ ನಿಲ್ಲುವುದು. ಇವುಗಳಿಂದ ನಾಳೆಯೇ ಸರ್ಕಾರ ಬದಲಾಗುವುದಿಲ್ಲ. ಬದಲಾಯಿಸುವ ಶಕ್ತಿ ಇರುವ ಮಧ್ಯಮ ವರ್ಗ ಮಾತ್ರ ಉಸಿರಾಡುತ್ತದೆ.

ನಿಮ್ಮ ಮನೆಯ ಹುಡುಗಿಯ ವಿಷಯಕ್ಕೆ ನೇರವಾಗಿ ಹೇಳುತ್ತೇನೆ. ರಾಜಕೀಯ ಬಿಟ್ಟು ಮೊದಲು ಅವಳ ಅಪ್ಪ ಅಮ್ಮ ಹೇಗಿದ್ದಾರೆ ಅಂತ ಕೇಳಿ. ಅವತ್ತು ಹೇಳಿದ ಮಾತು ತಪ್ಪಾಯಿತು ಅಂತ ನಿಮಗೆ ಅನಿಸಿದರೆ ಒಂದು ಸಲ ಹೇಳಿಬಿಡಿ, ಇರಾನಿಯರು ಮರ್ಯಾದೆಯ ಮಾತಿಗೆ ಬೇಗ ಕರಗುತ್ತಾರೆ. ಅವಳು ಸರ್ಕಾರವನ್ನು ಬೈದ ಮಾತನ್ನಾಗಲಿ, ಜಡೆ ಕತ್ತರಿಸಿದ ಫೋಟೊವನ್ನಾಗಲಿ ವಾಟ್ಸಾಪ್ ಗುಂಪುಗಳಿಗೆ ಹಾಕಬೇಡಿ. ಇದು ಬಹಳ ಮುಖ್ಯ. ಊರಿನಲ್ಲಿರುವ ಅವಳ ಮನೆಯವರನ್ನು ಅದಕ್ಕಾಗಿ ವಿಚಾರಣೆಗೆ ಕರೆಯಬಹುದು. ಅವಳೇ ರಜೆಗೆ ಊರಿಗೆ ಹೋದಾಗ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ಕಿತ್ತುಕೊಳ್ಳಬಹುದು. ಇರಾನಿನ ಬ್ಯಾಂಕಿನಿಂದ ಇಲ್ಲಿಗೆ ನೇರವಾಗಿ ಹಣ ಬರುವುದು ಬಹಳ ಕಷ್ಟ, ಕೈಯಿಂದ ಕೈಗೆ ಸುತ್ತಿ ಬರುತ್ತದೆ. ರಿಯಾಲ್ ಬಿದ್ದ ತಿಂಗಳು ಬಾಡಿಗೆ ತಡವಾದರೆ ಅವಳು ಕೊಡಲು ಮನಸ್ಸಿಲ್ಲದೆ ತಡಮಾಡಿದ್ದಲ್ಲ ಅಂತ ತಿಳಿಯಿರಿ.

2025ರ ಅಕ್ಟೋಬರ್‌ನಲ್ಲಿ ನಿಂತು ಮುಂದೇನಾಗುತ್ತದೆ ಅಂತ ನೋಡುವುದಾದರೆ ಮೂರು ಸುದ್ದಿಗಳ ಮೇಲೆ ಕಣ್ಣಿಡಿ. ಮೂಸವಿಯವರನ್ನು ಗೃಹಬಂಧನದಿಂದ ಬಿಡುತ್ತಾರಾ? ಬಿಟ್ಟರೆ ಒಳಗಿನವರಲ್ಲಿ ಕೆಲವರಿಗಾದರೂ ಜನರ ಜೊತೆ ಮಾತಾಡುವ ಮನಸ್ಸಿದೆ ಅಂತ ಅರ್ಥ. ಅಮೆರಿಕದ ಜೊತೆ ಮಾತುಕತೆ ಮತ್ತೆ ಶುರುವಾಗುತ್ತದಾ, ಅಥವಾ ಎರಡನೆಯ ಸುತ್ತಿನ ಯುದ್ಧವಾ? ಯುದ್ಧವಾದರೆ ಸುಧಾರಣೆಯ ಮಾತು ಮತ್ತೆ ವರ್ಷಗಟ್ಟಲೆ ಹಿಂದೆ ಹೋಗುತ್ತದೆ, ಜೈಲುಗಳು ತುಂಬುತ್ತವೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಖಮೇನಿಯವರಿಗೆ ಇದನ್ನು ಬರೆಯುವ 2025ರಲ್ಲಿ 86 ವರ್ಷ. ಅವರ ನಂತರದವರನ್ನು ಆರಿಸುವುದು 88 ಧರ್ಮಪಂಡಿತರ ಮಂಡಳಿ. ಆ ಮಂಡಳಿಗೆ 2024ರ ಮಾರ್ಚ್‌ನಲ್ಲಿ ಚುನಾವಣೆ ಆಯಿತು. ಹಿಂದೆ ಅಧ್ಯಕ್ಷರಾಗಿದ್ದ, ಅಣು ಒಪ್ಪಂದ ಮಾಡಿದ ಹಸನ್ ರೂಹಾನಿಯವರನ್ನೂ ಅದಕ್ಕೆ ನಿಲ್ಲಲು ಗಾರ್ಡಿಯನ್ ಕೌನ್ಸಿಲ್ ಬಿಡಲಿಲ್ಲ.